ಉದ್ಯೋಗದಲ್ಲಿ ಸಮಯ ನಿರ್ವಹಣೆ

ಕೆಲಸದ ದಿನದ ಗಂಟೆಗಳನ್ನು ಯಾವ ಕಾರ್ಯಕ್ಕೆ, ಯಾವ ಕ್ರಮದಲ್ಲಿ, ಎಷ್ಟು ಹೊತ್ತು ವಿನಿಯೋಗಿಸಬೇಕೆಂಬುದನ್ನು ಮುಂಚಿತವಾಗಿ ನಿಶ್ಚಯಿಸಿ, ಆ ನಿಶ್ಚಯವನ್ನು ದಿನವಿಡೀ ಕಾಪಾಡಿಕೊಳ್ಳುವ ಪದ್ಧತಿಗೆ ಸಮಯ ನಿರ್ವಹಣೆ ಎಂದು ಹೆಸರು. ಫೋನ್ ಕರೆ, ಇಮೇಲ್, ವಾಟ್ಸ್‌ಆ್ಯಪ್ ಸಂದೇಶ, ಮೇಲಧಿಕಾರಿಯ ಬುಲಾವು, ಮೇಜಿನ ಮುಂದೆ ಬಂದು ನಿಂತ ಸಂದರ್ಶಕರು, ಹೀಗೆ ಯಾವುದು ಯಾವಾಗ ಎದುರಾಗುತ್ತದೆಯೋ ಅದನ್ನೇ ಆಗ ಕೈಗೆತ್ತಿಕೊಳ್ಳುವ ರೀತಿಯನ್ನು ಇದಕ್ಕೆ ವಿರುದ್ಧವಾಗಿ ಪ್ರತಿಕ್ರಿಯಾತ್ಮಕ ಕೆಲಸ ಎನ್ನಬಹುದು. ಎರಡರಲ್ಲಿಯೂ ದುಡಿಮೆಯ ಪ್ರಮಾಣ ಒಂದೇ ಆಗಿರಬಹುದು. ಕೆಲಸಗಳ ಸರದಿಯನ್ನು ನಿರ್ಧರಿಸುವವರು ಯಾರು ಎಂಬುದರಲ್ಲಿ ವ್ಯತ್ಯಾಸವಿದೆ. ಈ ನಿರ್ಧಾರ ವ್ಯಕ್ತಿಯ ಶಿಸ್ತಿನಿಂದಷ್ಟೇ ಕೈಗೂಡುವಂಥದ್ದಲ್ಲ, ಸಂಸ್ಥೆಯ ಏರ್ಪಾಡೂ ಅದಕ್ಕೆ ಇಂಬು ಕೊಡಬೇಕು ಎಂಬುದು ಈ ಕ್ಷೇತ್ರದ ಅಧ್ಯಯನಗಳನ್ನು ಒಟ್ಟಾಗಿ ನೋಡಿದಾಗ ಸ್ಪಷ್ಟವಾಗುತ್ತದೆ.

ಹಿನ್ನೆಲೆ

ಅಮೆರಿಕದ ಮುದ್ರಕ ಹಾಗೂ ರಾಜನೀತಿಜ್ಞ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ದಿನದ 24 ಗಂಟೆಗಳ ವೇಳಾಪಟ್ಟಿಯೊಂದನ್ನು ಕೊಟ್ಟಿದ್ದಾರೆ. ಬೆಳಗ್ಗೆ 5 ಗಂಟೆಗೆ ಎದ್ದು ಆ ದಿನ ಮಾಡಬೇಕಾದ ಒಳ್ಳೆಯ ಕೆಲಸ ಯಾವುದೆಂದು ಕೇಳಿಕೊಳ್ಳುವುದೂ ಸಂಜೆ ಅದರ ಲೆಕ್ಕ ನೋಡುವುದೂ ಅದರಲ್ಲಿ ಸೇರಿವೆ. ಆದರೆ ಈ ಕ್ರಮವನ್ನು ಪಾಲಿಸುವುದೇ ತಮಗೆ ಎಲ್ಲಕ್ಕಿಂತ ಕಷ್ಟವಾಯಿತೆಂದೂ, ತನ್ನ ವೇಳೆ ತನ್ನ ಕೈಯಲ್ಲಿರುವ ಕೆಲಸಗಾರನಿಗೆ ಇದು ಸಾಧ್ಯವಾದೀತೇ ಹೊರತು ವ್ಯವಹಾರಸ್ಥರನ್ನು ಅವರವರ ಅನುಕೂಲದ ಹೊತ್ತಿನಲ್ಲಿ ಕಾಣಬೇಕಾದ ಯಜಮಾನನಿಗೆ ಸಾಧ್ಯವಿಲ್ಲವೆಂದೂ ಅವರೇ ಬರೆದಿದ್ದಾರೆ. ಇಂದಿಗೂ ಈ ವಿಷಯದ ಮುಖ್ಯ ತೊಡಕು ಅದೇ ಆಗಿದೆ.

ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ವೈಜ್ಞಾನಿಕ ನಿರ್ವಹಣೆಯ ಗ್ರಂಥ, ಕಾರ್ಖಾನೆಯ ಪ್ರತಿಯೊಂದು ಕೆಲಸಕ್ಕೆ ತಗಲುವ ವೇಳೆಯನ್ನು ಅಳೆದು ಅದರ ಕ್ರಮವನ್ನು ಆಡಳಿತವೇ ಗೊತ್ತುಪಡಿಸಬೇಕೆಂದು ವಾದಿಸಿತು. ಕೈಕೆಲಸದ ಬದಲು ವಿಚಾರ, ಮಾಹಿತಿ ಮತ್ತು ನಿರ್ಣಯಗಳ ಮೂಲಕ ದುಡಿಯುವ ಜ್ಞಾನಕಾರ್ಮಿಕರಿಗೆ ಈ ಕ್ರಮ ಒಗ್ಗುವುದಿಲ್ಲವೆಂದೂ ಅವರು ತಮ್ಮ ಸಮಯವನ್ನು ತಾವೇ ಆಳಬೇಕೆಂದೂ ತೋರಿಸಿದವರಲ್ಲಿ ಪೀಟರ್ ಡ್ರಕರ್ ಪ್ರಮುಖರು. ಅವರು 1967ರ ತಮ್ಮ ಕೃತಿಯಲ್ಲಿ ಯೋಜನೆಗೆ ಮೊದಲು ದಾಖಲೆ ಬೇಕೆಂದರು. ಸಮಯ ನಿಜವಾಗಿ ಎಲ್ಲಿ ಹೋಗುತ್ತಿದೆಯೆಂದು ಬರೆದಿಟ್ಟು, ಮಾಡದಿದ್ದರೂ ನಡೆಯುವ ಕೆಲಸಗಳನ್ನು ಕೈಬಿಟ್ಟು, ಬೇರೆಯವರು ಮಾಡಬಲ್ಲವುಗಳನ್ನು ಅವರಿಗೆ ವಹಿಸಿ, ಉಳಿದ ಚೂರುಪಾರು ವೇಳೆಯನ್ನು ದೊಡ್ಡ ಅವಧಿಗಳಾಗಿ ಒಗ್ಗೂಡಿಸಬೇಕೆಂಬುದು ಅವರ ಕ್ರಮ.

ಕೆನಡದ ಹೆನ್ರಿ ಮಿಂಟ್ಸ್‌ಬರ್ಗ್ ಐವರು ಮುಖ್ಯಾಧಿಕಾರಿಗಳ ದಿನಚರಿಯನ್ನು ಪ್ರತ್ಯಕ್ಷವಾಗಿ ಗಮನಿಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರ ಚಟುವಟಿಕೆಗಳಲ್ಲಿ ಅರ್ಧದಷ್ಟು 9 ನಿಮಿಷಗಳಿಗಿಂತ ಕಡಿಮೆ ಅವಧಿಯವಾಗಿದ್ದವು ಮತ್ತು ಹತ್ತರಲ್ಲಿ ಒಂದು ಮಾತ್ರ ಒಂದು ಗಂಟೆಯನ್ನು ಮೀರುತ್ತಿತ್ತು. ಇಮೇಲ್ ಮತ್ತು ಮೊಬೈಲ್ ಕಚೇರಿಗಳಿಗೆ ಬರುವ ಮೊದಲೇ ಮೇಲಿನ ಹುದ್ದೆಗಳ ಕೆಲಸ ಹೀಗೆ ಚೂರಾಗಿತ್ತೆಂಬುದು ಗಮನಾರ್ಹ. ಮುಂದೆ ಈ ಉಪಕರಣಗಳು ಅದೇ ಸ್ಥಿತಿಯನ್ನು ಎಲ್ಲ ದರ್ಜೆಯ ನೌಕರರಿಗೂ ತಂದವು.

ತುರ್ತು ಮತ್ತು ಮಹತ್ವ

ತುರ್ತು ಎಂಬುದು ಗಡುವಿಗೆ ಸಂಬಂಧಿಸಿದ ಗುಣ, ಮಹತ್ವ ಎಂಬುದು ಪರಿಣಾಮಕ್ಕೆ ಸಂಬಂಧಿಸಿದ್ದು. ಅಮೆರಿಕದ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ 1954ರ ಭಾಷಣವೊಂದರಲ್ಲಿ ಕಾಲೇಜೊಂದರ ಮಾಜಿ ಅಧ್ಯಕ್ಷರ ಮಾತೆಂದು ಈ ಭೇದವನ್ನು ಪ್ರಸ್ತಾಪಿಸಿದರು. ಸ್ಟೀಫನ್ ಕೋವಿ 1989ರ ತಮ್ಮ ಪುಸ್ತಕದಲ್ಲಿ ಇದನ್ನು ನಾಲ್ಕು ಮನೆಗಳ ಚೌಕವಾಗಿ ರೂಪಿಸಿ ಜನಪ್ರಿಯಗೊಳಿಸಿದರು. ತುರ್ತೂ ಮಹತ್ವದ್ದೂ ಆದುದು, ಮಹತ್ವದ್ದಾದರೂ ತುರ್ತಲ್ಲದ್ದು, ತುರ್ತಾದರೂ ಮಹತ್ವವಿಲ್ಲದ್ದು, ಎರಡೂ ಅಲ್ಲದ್ದು ಎಂಬ ಈ ವಿಂಗಡಣೆಯಲ್ಲಿ ತರಬೇತಿ, ಯೋಜನೆ, ಯಂತ್ರಗಳ ಮುನ್ನೆಚ್ಚರಿಕೆಯ ದುರಸ್ತಿ ಮೊದಲಾದವು ಎರಡನೆಯ ಮನೆಗೆ ಸೇರುತ್ತವೆ. ಅವು ತಾವಾಗಿ ಬಾಗಿಲು ತಟ್ಟುವುದಿಲ್ಲವಾದ್ದರಿಂದ ಪ್ರತಿಕ್ರಿಯಾತ್ಮಕ ದಿನದಲ್ಲಿ ಮೊದಲು ಹಿಂದೆ ಬೀಳುವುದೂ ಅವೇ.

ಮನಸ್ಸು ತುರ್ತಿನ ಕಡೆಗೆ ವಾಲುವುದಕ್ಕೆ ಪ್ರಯೋಗಗಳ ಆಧಾರವೂ ಇದೆ. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಗಡುವು ಹತ್ತಿರವಿದೆಯೆಂದು ತೋರಿದ ಮಾತ್ರಕ್ಕೆ ಜನರು ಹೆಚ್ಚು ಪ್ರತಿಫಲದ ಕೆಲಸವನ್ನು ಬಿಟ್ಟು ಕಡಿಮೆ ಪ್ರತಿಫಲದ್ದನ್ನು ಆರಿಸಿಕೊಳ್ಳುವ ಪ್ರವೃತ್ತಿ ಕಂಡುಬಂದಿತು.

ಅಡಚಣೆಯ ಪರಿಣಾಮ

ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮತ್ತೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಳೆಯ ಕೆಲಸದಲ್ಲಿಯೇ ಉಳಿಯುವುದನ್ನು ಸೋಫಿ ಲೆರಾಯ್ 2009ರಲ್ಲಿ ವಿವರಿಸಿದರು. ಇದನ್ನು ಗಮನಶೇಷ ಎನ್ನಬಹುದು. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ನಡೆಸಿದ ಪ್ರಯೋಗದಲ್ಲಿ, ನಡುವೆ ಅಡ್ಡಿಗೊಳಗಾದವರು ಅವಸರಪಟ್ಟು ಕೆಲಸವನ್ನು ಬೇಗನೆ ಮುಗಿಸಿದರಾದರೂ ಹೆಚ್ಚು ಒತ್ತಡ ಮತ್ತು ಹತಾಶೆಯನ್ನು ಅನುಭವಿಸಿದರು. ಅಡಚಣೆಯ ಬೆಲೆ ಕಚೇರಿಯ ಲೆಕ್ಕದಲ್ಲಿ ಕಾಣಿಸದೆ ನೌಕರರ ದೇಹ ಮನಸ್ಸುಗಳ ಮೇಲೆ ಬೀಳುವುದು ಹೀಗೆ.

ವಿಧಾನಗಳು

ಬಳಕೆಯಲ್ಲಿರುವ ವಿಧಾನಗಳು ಹಲವಾದರೂ ಅವುಗಳ ತಿರುಳು ಮೂರು ಅಂಶಗಳಲ್ಲಿದೆ. ಮೊದಲನೆಯದು, ಹಿಂದಿನ ದಿನದ ಕೊನೆಯಲ್ಲಿಯೇ ಮರುದಿನದ ಮುಖ್ಯ ಕೆಲಸಗಳನ್ನು ಆರಿಸಿ ಬರೆದಿಡುವುದು. ಇದರಿಂದ ಬೆಳಗ್ಗೆ ಇನ್‌ಬಾಕ್ಸ್ ತೆರೆಯುವ ಮುನ್ನವೇ ದಿನಕ್ಕೊಂದು ದಿಕ್ಕು ಸಿಗುತ್ತದೆ. ಮುಗಿಯದ ಗುರಿಗಳು ಮನಸ್ಸನ್ನು ಕಾಡುವುದು, ಅವುಗಳಿಗೆ ಖಚಿತವಾದ ಯೋಜನೆಯನ್ನು ರೂಪಿಸಿಕೊಂಡಾಗ ಕಡಿಮೆಯಾಗುತ್ತದೆಂದು ಮಸಿಕಾಂಪೊ ಮತ್ತು ಬೌಮೈಸ್ಟರ್ ಅವರ 2011ರ ಸಂಶೋಧನೆ ತೋರಿಸಿದೆ. ಎರಡನೆಯದು, ಏಕಾಗ್ರತೆ ಬೇಡುವ ಕೆಲಸಕ್ಕೆ ಒಂದೆರಡು ಗಂಟೆಗಳ ಅಖಂಡ ಅವಧಿಯನ್ನು ಕಾದಿರಿಸಿ, ಇಮೇಲ್ ಮತ್ತು ಕರೆಗಳಿಗೆ ದಿನದಲ್ಲಿ ಬೇರೆ ಹೊತ್ತುಗಳನ್ನು ಗೊತ್ತುಮಾಡುವುದು. ಮೂರನೆಯದು, ತಪ್ಪಿಸಲಾಗದ ಅಡಚಣೆ ಬಂದಾಗ ಎದ್ದುಹೋಗುವ ಮುನ್ನ ಕೆಲಸ ಎಲ್ಲಿಗೆ ನಿಂತಿದೆ, ಮರಳಿದ ಮೇಲೆ ಮೊದಲು ಮಾಡಬೇಕಾದುದೇನು ಎಂದು ಒಂದು ಸಾಲು ಬರೆದಿಡುವುದು. ಆಯವ್ಯಯ ಪಟ್ಟಿಯನ್ನು ತಾಳೆ ನೋಡುತ್ತಿರುವ ಗುಮಾಸ್ತರು ಯಾವ ಪುಟದ ಯಾವ ಮೊತ್ತದವರೆಗೆ ಹೊಂದಿಕೆಯಾಯಿತು, ಯಾವ ರಸೀದಿಯಿಂದ ಮುಂದುವರಿಯಬೇಕು ಎಂದು ಗುರುತಿಟ್ಟುಕೊಂಡು ಏಳುವುದು ಇದಕ್ಕೆ ಉದಾಹರಣೆ. ಇಂಥ ಟಿಪ್ಪಣಿಯಿಂದ ಗಮನಶೇಷ ತಗ್ಗುತ್ತದೆಂದು ಲೆರಾಯ್ ಮತ್ತು ಥೆರೇಸಾ ಗ್ಲೋಂಬ್ 2018ರಲ್ಲಿ ತೋರಿಸಿದರು.

ಯೋಜನೆ ಹಾಕುವಾಗ ಕೆಲಸಕ್ಕೆ ತಗಲುವ ವೇಳೆಯನ್ನು ಕಡಿಮೆಯಾಗಿ ಅಂದಾಜಿಸುವ ದೋಷ ಸಾಮಾನ್ಯವಾಗಿದ್ದು, ಡೇನಿಯಲ್ ಕಾನ್‌ಮನ್ ಮತ್ತು ಆಮೋಸ್ ಟ್ವೆರ್‌ಸ್ಕಿ 1979ರಲ್ಲಿ ಇದನ್ನು ಗುರುತಿಸಿದರು. ಆದ್ದರಿಂದ ದಿನದ ಒಂದು ಭಾಗವನ್ನು ಅನಿರೀಕ್ಷಿತಕ್ಕೆಂದು ಖಾಲಿ ಬಿಡುವುದೂ ಉತ್ತಮ ಯೋಜನೆಯ ಲಕ್ಷಣವೇ ಆಗಿದೆ.

ಸಂಸ್ಥೆಯ ಪಾತ್ರ

ಒಬ್ಬರ ಅಡಚಣೆ ಸಾಮಾನ್ಯವಾಗಿ ಇನ್ನೊಬ್ಬರ ಕೆಲಸವೇ ಆಗಿರುತ್ತದೆ. ಲೆಸ್ಲಿ ಪರ್ಲೋ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರುಗಳ ತಂಡವೊಂದರಲ್ಲಿ ನಡೆಸಿ 1990ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರದ ಕೆಲವು ದಿನ ಬೆಳಗಿನ ಹೊತ್ತಿನಲ್ಲಿ ಯಾರೂ ಯಾರನ್ನೂ ಮಾತನಾಡಿಸಕೂಡದೆಂಬ ಮೌನದ ಅವಧಿಯನ್ನು ಗೊತ್ತುಪಡಿಸಲಾಯಿತು. ಕೆಲಸ ಸುಧಾರಿಸಿತಾದರೂ ಅಧ್ಯಯನ ಮುಗಿದ ಮೇಲೆ ಹಳೆಯ ರೂಢಿ ಮರಳಿತು. ಸಂಕಟದ ಗಳಿಗೆಯಲ್ಲಿ ಓಡಾಡಿ ಕೆಲಸ ಉಳಿಸಿದವರಿಗೇ ಸಂಸ್ಥೆಯ ಮನ್ನಣೆ ಸಲ್ಲುತ್ತಿದ್ದುದು ಅದಕ್ಕೆ ಕಾರಣವಾಗಿತ್ತು. ಫ್ರಾನ್ಸಿನಲ್ಲಿ 2017ರಿಂದ ಜಾರಿಯಲ್ಲಿರುವ ಕಾನೂನು, ಕೆಲಸದ ವೇಳೆಯ ಹೊರಗೆ ಡಿಜಿಟಲ್ ಸಂಪರ್ಕದಿಂದ ದೂರವಿರುವ ಹಕ್ಕಿನ ಬಗ್ಗೆ ನೌಕರರೊಡನೆ ಮಾತುಕತೆ ನಡೆಸುವ ಹೊಣೆಯನ್ನು ಸಂಸ್ಥೆಗಳಿಗೆ ವಹಿಸಿದೆ.

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಟಪಾಲಿನೊಂದಿಗೆ ಬರುವ ‘ಜರೂರು’, ‘ಅತಿ ಜರೂರು’ ಎಂಬ ಗುರುತುಗಳು ಸರದಿಯನ್ನು ನಿರ್ಧರಿಸುವ ಹಳೆಯ ಸಾಧನಗಳು. ಬಹುಪಾಲು ಪತ್ರಗಳಿಗೆ ಈ ಗುರುತು ಬಿದ್ದಾಗ ಅದು ಅರ್ಥ ಕಳೆದುಕೊಳ್ಳುತ್ತದೆ. 2011ರ ಅಧಿನಿಯಮದ ಮೂಲಕ ರೂಪುಗೊಂಡ ‘ಸಕಾಲ’ ವ್ಯವಸ್ಥೆ ಅಧಿಸೂಚಿತವಾದ ಪ್ರತಿಯೊಂದು ಸೇವೆಗೂ ಇಂತಿಷ್ಟು ದಿನವೆಂದು ಮಿತಿ ಹಾಕಿ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರವನ್ನು ಗೊತ್ತುಪಡಿಸಿತು. ಹೀಗೆ ಕಡತದ ಸರದಿಯನ್ನು ಮೇಜಿನ ಮುಂದೆ ನಿಂತವರ ಒತ್ತಾಯಕ್ಕೆ ಬಿಡದೆ ಬಹಿರಂಗವಾದ ನಿಯಮಕ್ಕೆ ಒಪ್ಪಿಸುವುದು, ಓಡಾಡಿ ಕೇಳುವ ಶಕ್ತಿಯಿಲ್ಲದ ಅರ್ಜಿದಾರರ ಪಾಲಿಗೆ ನ್ಯಾಯದ ಪ್ರಶ್ನೆಯೂ ಹೌದು. ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಉದ್ಯಮದ ಸಮಸ್ಯೆ ಇನ್ನೊಂದು ಬಗೆಯದು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯದ ಬೆಳಗ್ಗೆ 9 ಗಂಟೆ ಇಲ್ಲಿ ರಾತ್ರಿ 9:30 ಆಗಿರುವುದರಿಂದ ಅಲ್ಲಿನ ತಂಡಗಳೊಡನೆ ನಡೆಯುವ ಮೀಟಿಂಗುಗಳು ಮನೆಯ ವೇಳೆಯನ್ನು ಆಕ್ರಮಿಸುತ್ತವೆ. ಅದೇ ಕಾರಣಕ್ಕೆ ಇಲ್ಲಿನ ಹಗಲಿನ ಬಹುಭಾಗ ಆ ತಂಡಗಳ ಅಡ್ಡಿಯಿಲ್ಲದ ಕೆಲಸಕ್ಕೆ ಒದಗಬಲ್ಲದು. ಸಂಸ್ಥೆ ಅದನ್ನು ಒಳಗಿನ ಸಭೆಗಳಿಂದ ತುಂಬದಿದ್ದರೆ ಮಾತ್ರ ಈ ಲಾಭ ದಕ್ಕುತ್ತದೆ.

ಮಿತಿಗಳು ಮತ್ತು ಮೌಲ್ಯಮಾಪನ

ಸ್ಪಂದಿಸುವುದೇ ಉದ್ದೇಶವಾಗಿರುವ ವೃತ್ತಿಗಳಿವೆ. ತುರ್ತು ಚಿಕಿತ್ಸಾ ಘಟಕದ ದಾದಿಯರು, ಅಗ್ನಿಶಾಮಕ ಸಿಬ್ಬಂದಿ, ಸಹಾಯವಾಣಿಯ ನೌಕರರು ಕರೆ ಬಂದೊಡನೆ ಏಳಲೇಬೇಕು. ಅಲ್ಲಿ ಸಮಯ ನಿರ್ವಹಣೆಯೆಂದರೆ ಪಾಳಿ, ಸಿದ್ಧತೆ ಮತ್ತು ವಿಶ್ರಾಂತಿಗಳ ಏರ್ಪಾಡು. ವ್ಯವಸ್ಥಾಪಕರ ಆಕಸ್ಮಿಕವೆಂದು ತೋರುವ ಮಾತುಕತೆಗಳಲ್ಲಿಯೂ ಮಾಹಿತಿ ಮತ್ತು ಸಂಬಂಧಗಳು ಬೆಳೆಯುತ್ತವೆಂದು ಜಾನ್ ಕಾಟರ್ 1982ರಲ್ಲಿ ವಾದಿಸಿದರು. ಕೆಲಸದ ಕ್ರಮವನ್ನು ಆರಿಸಿಕೊಳ್ಳುವ ಅಧಿಕಾರವೇ ಇಲ್ಲದ ನೌಕರರಿಗೆ ಶಿಸ್ತಿನ ಉಪದೇಶ ಮಾಡುವುದು ಸಂಸ್ಥೆಯ ಹೊಣೆಯನ್ನು ಅವರ ಹೆಗಲಿಗೆ ದಾಟಿಸಿದಂತಾಗುತ್ತದೆ.

158 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸಮಯ ನಿರ್ವಹಣೆಗೂ ಕೆಲಸದ ಸಾಧನೆಗೂ ಮಧ್ಯಮ ಪ್ರಮಾಣದ ಸಂಬಂಧವಿದೆಯೆಂದೂ ಬದುಕಿನ ಬಗೆಗಿನ ತೃಪ್ತಿಯೊಡನೆ ಅದರ ಸಂಬಂಧ ಇನ್ನೂ ಬಲವಾದುದೆಂದೂ ಕಂಡುಕೊಂಡಿತು. ಆದ್ದರಿಂದ ಒಂದೇ ದಿನದಲ್ಲಿ ಹೆಚ್ಚು ಕೆಲಸವನ್ನು ತುರುಕುವ ತಂತ್ರವೆಂದು ಈ ಪದ್ಧತಿಯನ್ನು ತಿಳಿಯುವುದು ಸರಿಯಲ್ಲ. ದುಡಿಯುವವರು ತಮ್ಮ ದಿನದ ಮೇಲೆ ನ್ಯಾಯವಾದಷ್ಟು ಹಿಡಿತವನ್ನು ಪಡೆಯುವುದು ಇದರ ಮುಖ್ಯ ಫಲ. ಆ ಹಿಡಿತವನ್ನು ಅಭ್ಯಾಸದಿಂದ ಗಳಿಸಿಕೊಳ್ಳುವುದು ವ್ಯಕ್ತಿಯ ಕರ್ತವ್ಯವಾದರೆ, ಅದಕ್ಕೆ ಎಡೆಮಾಡಿಕೊಡುವುದು ಸಂಸ್ಥೆಯ ಕರ್ತವ್ಯ.