ವಿಕಲಚೇತನ ಮಕ್ಕಳ ಕುಟುಂಬಗಳಿಗೆ ನೆರವು: ಅಧ್ಯಯನಗಳು ತಿಳಿಸುವ ಅಂಶಗಳು ಹಾಗೂ ಲಭ್ಯವಿರುವ ಸೌಲಭ್ಯಗಳು

ಮಗುವಿನ ಬೆಳವಣಿಗೆ ಕುಂಠಿತವಾಗಿರುವುದು ಕಂಡುಬಂದಾಗ ಚಿಕಿತ್ಸೆ, ಪ್ರಮಾಣಪತ್ರ ಮತ್ತು ಮಾಸಾಶನಗಳತ್ತ ಕುಟುಂಬದ ಗಮನ ಹರಿಯುವುದು ಸಹಜ. ಆದರೆ ಮಗುವಿನೊಡನೆ ದಿನದ ಬಹುಪಾಲು ಕಳೆಯುವವರು ತಂದೆ-ತಾಯಿ ಹಾಗೂ ಮನೆಯ ಹಿರಿಯರು. ಇವರಿಗೆ ನೀಡುವ ತರಬೇತಿ ಮತ್ತು ಬೆಂಬಲದಿಂದ ಆಗುವ ಪ್ರಯೋಜನದ ಬಗ್ಗೆ ಭಾರತದಲ್ಲಿಯೇ ಅಧ್ಯಯನಗಳು ನಡೆದಿವೆ. ಅವುಗಳಲ್ಲಿ ಎರಡರ ವಿವರ ಹಾಗೂ ಕುಟುಂಬಗಳಿಗೆ ಲಭ್ಯವಿರುವ ಸೌಲಭ್ಯಗಳ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಂಶೋಧಕರು ಬೌದ್ಧಿಕ ವಿಕಲತೆಯುಳ್ಳ ಮಕ್ಕಳ 57 ಪೋಷಕರನ್ನು ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಅಧ್ಯಯನವು 1999ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 10 ವಾರಗಳ ಕಾಲ ಉಪನ್ಯಾಸ ಮಾತ್ರ. ಇನ್ನೊಂದು ಗುಂಪಿಗೆ ಅಷ್ಟೇ ಅವಧಿಯಲ್ಲಿ ಪರಸ್ಪರ ಚರ್ಚೆಯ ಮೂಲಕ ತಿಳಿವಳಿಕೆ. ಚರ್ಚೆಯಲ್ಲಿ ಭಾಗವಹಿಸಿದ ಪೋಷಕರಲ್ಲಿ ಮಗುವಿನ ಪಾಲನೆ ಹಾಗೂ ವಿಕಲತೆಯ ನಿರ್ವಹಣೆಯ ಬಗೆಗಿನ ಧೋರಣೆಯು ಗಮನಾರ್ಹವಾಗಿ ಸುಧಾರಿಸಿತು. ವಿಷಯ ತಿಳಿಸಿದರೆ ಸಾಕು ಎಂಬ ಸಾಮಾನ್ಯ ನಂಬಿಕೆಗೆ ಈ ಫಲಿತಾಂಶವು ಹೊಂದುವುದಿಲ್ಲ. ಪೋಷಕರ ಸಭೆಗಳಲ್ಲಿ ಭಾಷಣ ಕೇಳಿ ಹಿಂದಿರುಗುವವರು ಇದನ್ನು ಗಮನಿಸಬಹುದು.

ಗೋವಾ ಹಾಗೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 2ರಿಂದ 9 ವರ್ಷದ 65 ಮಕ್ಕಳ ಕುಟುಂಬಗಳೊಂದಿಗೆ ನಡೆದ ಇನ್ನೊಂದು ಅಧ್ಯಯನವು 2016ರಲ್ಲಿ ಪ್ರಕಟವಾಗಿದೆ. ತಜ್ಞರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಸುಮಾರು 6 ತಿಂಗಳಲ್ಲಿ 12 ಬಾರಿ ಪೋಷಕರೊಂದಿಗೆ ಕುಳಿತು, ಮಗುವಿನ ಸಂಜ್ಞೆಗಳಿಗೆ ಸ್ಪಂದಿಸುವ ಬಗೆಯನ್ನು ಅಭ್ಯಾಸ ಮಾಡಿಸಿದರು. ಪೋಷಕರ ಸ್ಪಂದನೆ ಹೆಚ್ಚಿತು. ಮಗು ತಾನಾಗಿ ಸಂವಹನ ಆರಂಭಿಸುವುದೂ ಹೆಚ್ಚಿತು. ಆದರೆ ಇಬ್ಬರೂ ಒಂದೇ ವಸ್ತುವಿನಲ್ಲಿ ಗಮನವಿರಿಸುವ ಅವಧಿಯು ಕಡಿಮೆಯಾಯಿತೆಂಬುದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಆಟಿಸಂ ಅನ್ನು ಪೂರ್ಣವಾಗಿ ಗುಣಪಡಿಸುವುದಾಗಿ ಹೇಳಿ ಹಣ ಪಡೆಯುವ ಜಾಹೀರಾತುಗಳನ್ನು ನಂಬುವ ಮೊದಲು ಇಂತಹ ಮಿತವಾದ, ಪ್ರಾಮಾಣಿಕ ಫಲಿತಾಂಶಗಳನ್ನು ಪೋಷಕರು ತಿಳಿದಿರುವುದು ಒಳಿತು.

ವಿಶ್ವ ಆರೋಗ್ಯ ಸಂಸ್ಥೆಯು ಇದೇ ವಯೋಮಾನದ ಮಕ್ಕಳ ಪಾಲಕರಿಗಾಗಿ 9 ಗುಂಪು ತರಗತಿ ಹಾಗೂ 3 ಮನೆ ಭೇಟಿಗಳ ತರಬೇತಿಯನ್ನು ರೂಪಿಸಿದೆ. ರೋಗನಿರ್ಣಯವಾಗದ ಮಗುವಿನ ಪಾಲಕರೂ ಇದಕ್ಕೆ ಸೇರಬಹುದು. ಪ್ರಮಾಣಪತ್ರ ಬಂದ ನಂತರವೇ ನೆರವು ಪಡೆಯಬೇಕೆಂದು ಕಾಯುತ್ತಾ ವರ್ಷ ಕಳೆಯುವುದು ಸೂಕ್ತವಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (2013) ಜಿಲ್ಲಾ ಮಟ್ಟದಲ್ಲಿ ಸ್ಥಾಪಿಸಲಾದ ಶೀಘ್ರ ಪತ್ತೆ ಹಾಗೂ ಮಧ್ಯಸ್ಥಿಕೆ ಕೇಂದ್ರಗಳನ್ನು ಸಂದೇಹ ಬಂದ ಕೂಡಲೇ ಸಂಪರ್ಕಿಸತಕ್ಕದ್ದು.

ಸೌಲಭ್ಯಗಳ ಪೈಕಿ ಮೊದಲನೆಯದು ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ.). ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ 21 ಬಗೆಯ ವಿಕಲತೆಗಳನ್ನು ಗುರುತಿಸಲಾಗಿದ್ದು, ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬಹುದು. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ವಿಕಲತೆ ಹಾಗೂ ಬಹುವಿಧ ವಿಕಲತೆಯುಳ್ಳವರು ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆಯಡಿ ವಾರ್ಷಿಕ ರೂ. 1,00,000/- ವರೆಗಿನ ಆರೋಗ್ಯ ವಿಮೆ ಪಡೆಯಬಹುದು. ಇದಕ್ಕೆ ವಿಮಾಪೂರ್ವ ವೈದ್ಯಕೀಯ ಪರೀಕ್ಷೆಯಿಲ್ಲ. ಆದಾಯ ತೆರಿಗೆಯಲ್ಲಿ, ಹಳೆಯ ಪದ್ಧತಿಯನ್ನು ಆಯ್ದುಕೊಂಡು ಮಗುವಿಗಾಗಿ ವೆಚ್ಚ ಮಾಡಿರುವ ಪೋಷಕರಿಗೆ ರೂ. 75,000/- ಕಡಿತ ದೊರೆಯುತ್ತದೆ. ವಿಕಲತೆಯ ಪ್ರಮಾಣ ಶೇ. 80 ಅಥವಾ ಹೆಚ್ಚಿದ್ದಲ್ಲಿ ರೂ. 1,25,000/-. ವೆಚ್ಚದ ಮೊತ್ತ ಇದಕ್ಕಿಂತ ಕಡಿಮೆಯಿದ್ದರೂ ಕಡಿತದ ಮೊತ್ತ ಇಷ್ಟೇ ಇರುತ್ತದೆ. ತಾತ್ಕಾಲಿಕ ಪ್ರಮಾಣಪತ್ರವಾದಲ್ಲಿ ಅದರ ಅವಧಿ ಮುಗಿಯುವ ಮೊದಲು ನವೀಕರಿಸಿಕೊಳ್ಳತಕ್ಕದ್ದು.

ಬಹುತೇಕ ಕುಟುಂಬಗಳ ಗಮನಕ್ಕೆ ಬಾರದ ವಿಷಯವೊಂದಿದೆ. ಮಗುವಿಗೆ 18 ವರ್ಷ ತುಂಬಿದ ದಿನದಿಂದ ತಂದೆ-ತಾಯಿಯರ ಸಹಜ ಪಾಲಕತ್ವ ಕೊನೆಗೊಳ್ಳುತ್ತದೆ. ಬ್ಯಾಂಕ್ ಖಾತೆ ಅಥವಾ ಆಸ್ತಿಯ ವ್ಯವಹಾರಕ್ಕೆ ಸಹಿ ಬೇಕಾದಾಗ ಇದು ತಿಳಿದುಬರುತ್ತದೆ. ಮೇಲ್ಕಂಡ ನಾಲ್ಕು ಬಗೆಯ ವಿಕಲತೆಯುಳ್ಳವರಿಗೆ ರಾಷ್ಟ್ರೀಯ ನ್ಯಾಸ ಕಾಯ್ದೆ, 1999ರಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯು ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಜಿಲ್ಲಾಧಿಕಾರಿಗಳು, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಹಾಗೂ ಒಬ್ಬ ವಿಕಲಚೇತನರು ಈ ಸಮಿತಿಯಲ್ಲಿರುತ್ತಾರೆ. ಪೋಷಕರು ತಮ್ಮ ಆಯ್ಕೆಯ ವ್ಯಕ್ತಿಯನ್ನು ಸೂಚಿಸಬಹುದಾದ್ದರಿಂದ, ತಮ್ಮ ನಂತರ ಮಗುವನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಆರೋಗ್ಯವಾಗಿರುವಾಗಲೇ ಬಂಧುಗಳೊಂದಿಗೆ ಚರ್ಚಿಸಿ ನಿರ್ಧರಿಸುವುದು ಅನುಕೂಲಕರ.

ಪಾಲಕರಾಗಿ ನೇಮಕಗೊಂಡವರು 6 ತಿಂಗಳೊಳಗೆ ಸದರಿ ವ್ಯಕ್ತಿಯ ಆಸ್ತಿ ಹಾಗೂ ಋಣಗಳ ಪಟ್ಟಿಯನ್ನು ಸಮಿತಿಗೆ ಸಲ್ಲಿಸತಕ್ಕದ್ದು. ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಜಮಾ-ಖರ್ಚಿನ ಲೆಕ್ಕವನ್ನೂ ಒಪ್ಪಿಸಬೇಕು. ಆಸ್ತಿ ದುರುಪಯೋಗದ ದೂರು ಬಂದಾಗ ಈ ಲೆಕ್ಕಪತ್ರವೇ ಪ್ರಾಮಾಣಿಕ ಪಾಲಕರಿಗೆ ರಕ್ಷಣೆಯಾಗುವುದರಿಂದ ರಸೀದಿಗಳನ್ನು ಜೋಪಾನವಾಗಿಡುವುದು ಅವಶ್ಯ.

ಅರ್ಜಿ ಸಲ್ಲಿಕೆಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಥವಾ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ.