ಮಂಜುಗಡ್ಡೆಗೂ ಒಂದು ಇತಿಹಾಸ



ಇತಿಹಾಸವೆಂದರೆ ರಾಜರ ಮತ್ತು ಯುದ್ಧಗಳ ಕಥೆಯೆಂದು ನೀವು ಭಾವಿಸಿರಬಹುದು. ಆದರೆ ಕಡಲ ಮೇಲೆ ಹೆಪ್ಪುಗಟ್ಟಿದ ನೀರಿಗೂ ಇತಿಹಾಸವಿದೆ. ಅದನ್ನು ಅರಿಯಲು ಕೆನಡಾದ ಉತ್ತರ ದ್ವೀಪಗಳ ನಡುವೆ ಹಾದುಹೋಗುವ ವಾಯವ್ಯ ಜಲಮಾರ್ಗವನ್ನು ನೋಡೋಣ.

ಏಷ್ಯಾಕ್ಕೆ ಹತ್ತಿರದ ದಾರಿ ಹುಡುಕಲು 1845ರ ಮೇ ತಿಂಗಳಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಇಂಗ್ಲೆಂಡಿನಿಂದ ಹೊರಟರು. ಅವರ ಎರೆಬಸ್ ಮತ್ತು ಟೆರರ್ ಹಡಗುಗಳಿಗೆ ಉಗಿಯಂತ್ರವಿತ್ತು, ಮುಂಭಾಗಕ್ಕೆ ಕಬ್ಬಿಣದ ಹೊದಿಕೆಯಿತ್ತು, ಮೂರು ವರ್ಷಕ್ಕಾಗುವ ಆಹಾರವಿತ್ತು. 1846ರ ಸೆಪ್ಟೆಂಬರಿನಲ್ಲಿ ಕಿಂಗ್ ವಿಲಿಯಂ ದ್ವೀಪದ ಬಳಿ ಅವು ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದವು. ಮುಂದಿನ ಬೇಸಿಗೆಯಲ್ಲೂ ಬಿಡುಗಡೆ ಸಿಗಲಿಲ್ಲ. 1848ರ ಏಪ್ರಿಲ್‌ನಲ್ಲಿ, ಬದುಕುಳಿದವರು ಹಡಗು ತೊರೆದು ಕಾಲ್ನಡಿಗೆಯಲ್ಲಿ ಹೊರಟರು. 129 ಜನರಲ್ಲಿ ಒಬ್ಬರೂ ಮನೆಗೆ ಮರಳಲಿಲ್ಲ. ಹಡಗುಗಳ ಸುಳಿವನ್ನು ಅಲ್ಲಿನ ಇನೂಯಿಟ್ ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದರು. ಎರೆಬಸ್ 2014ರಲ್ಲಿ, ಟೆರರ್ 2016ರಲ್ಲಿ ಪತ್ತೆಯಾದವು.

ಈ ಮಾರ್ಗವನ್ನು ಮೊದಲು ಹಡಗಿನಲ್ಲಿ ದಾಟಿದವರು ನಾರ್ವೆಯ ಅಮುಂಡ್ಸೆನ್. ಆರು ಮಂದಿ ಸಂಗಡಿಗರೊಡನೆ 1903ರಲ್ಲಿ ಹೊರಟ ಅವರು ಗುರಿ ಮುಟ್ಟಿದ್ದು 1906ರಲ್ಲಿ. 2016ರಲ್ಲಾದರೋ ಸುಮಾರು ಒಂದು ಸಾವಿರ ಪ್ರವಾಸಿಗರನ್ನು ಹೊತ್ತ ವಿಲಾಸಿ ಹಡಗೊಂದು ಇದೇ ದಾರಿಯಲ್ಲಿ ಸಾಗಿ, ಸುಮಾರು ಒಂದು ತಿಂಗಳಲ್ಲಿ ಅಲಾಸ್ಕದಿಂದ ನ್ಯೂಯಾರ್ಕ್ ತಲುಪಿತು!

ಎರಡು ಮೂರು ಪ್ರಯಾಣಗಳಿಂದ ಮಂಜುಗಡ್ಡೆ ಕರಗಿದೆಯೆಂದು ಹೇಳಬಹುದೇ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಅದಕ್ಕೆಂದೇ ವಿದ್ವಾಂಸರು ತಿಮಿಂಗಿಲ ಬೇಟೆಯ ಹಡಗುಗಳ ದಿನಚರಿಗಳನ್ನೂ ಡೆನ್ಮಾರ್ಕಿನ ಹವಾಮಾನ ಸಂಸ್ಥೆಯ ಹಳೆಯ ನಕ್ಷೆಗಳನ್ನೂ ಜೋಡಿಸಿ 1850ರಿಂದ ಈಚಿನ ಲೆಕ್ಕ ಸಿದ್ಧಪಡಿಸಿದ್ದಾರೆ. 1979ರಿಂದ ಉಪಗ್ರಹಗಳ ಸತತ ದಾಖಲೆಯಿದೆ. ಮೋಡವಿರಲಿ, ಧ್ರುವದ ದೀರ್ಘ ರಾತ್ರಿಯಿರಲಿ, ಅವುಗಳ ಉಪಕರಣ ಮಂಜುಗಡ್ಡೆಯನ್ನು ಗುರುತಿಸುತ್ತದೆ.

ವರ್ಷದಲ್ಲಿ ಮಂಜುಗಡ್ಡೆ ಅತಿ ಕಡಿಮೆಯಿರುವುದು ಸೆಪ್ಟೆಂಬರಿನಲ್ಲಿ. 1980ರ ಸುಮಾರಿಗೆ ಆ ತಿಂಗಳು ಸುಮಾರು 70 ಲಕ್ಷ ಚದರ ಕಿಲೋಮೀಟರಿನಷ್ಟು ಇತ್ತು. 2012ರಲ್ಲಿ ಅದು 34 ಲಕ್ಷಕ್ಕೆ ಇಳಿಯಿತು. ಅನಂತರ ಕೆಲವು ವರ್ಷ ಹೆಚ್ಚಿದ್ದುಂಟು. ಆದರೂ 2007ರಿಂದ 2024ರವರೆಗಿನ ಒಂದು ವರ್ಷವೂ ಹಳೆಯ ಮಟ್ಟಕ್ಕೆ ಮರಳಲಿಲ್ಲ.

ಇದಕ್ಕೆ ಮುಖ್ಯ ಕಾರಣ, ಕಲ್ಲಿದ್ದಲು ಮತ್ತು ತೈಲ ಉರಿಸಿ ನಾವು ವಾತಾವರಣಕ್ಕೆ ಸೇರಿಸಿದ ಅನಿಲಗಳು. ಬಿಳಿಯ ಮಂಜುಗಡ್ಡೆ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಅದು ಕರಗಿದಲ್ಲಿ ಕಪ್ಪು ನೀರು ಬಿಸಿಲನ್ನು ಹೀರಿ ಇನ್ನಷ್ಟು ಕರಗಿಸುತ್ತದೆ.

ವ್ಯಾಪಾರಿಗೆ ಇದು ತೆರೆದ ದಾರಿ. ಆದರೆ ಮಂಜುಗಡ್ಡೆಯ ಮೇಲೆಯೇ ನಡೆದು ಬೇಟೆಯಾಡುವ ಇನೂಯಿಟ್ ಜನರಿಗೆ ಅದು ಮುರಿದುಬಿದ್ದ ದಾರಿ. ಇತಿಹಾಸ ಓದುವ ನೀವು ಈ ಎರಡೂ ಕಡೆಯ ಸಾಕ್ಷ್ಯವನ್ನು ಕೇಳಬೇಕು.