ಆರಂಭಿಕ ಹಂತದ ವೈದ್ಯಕೀಯ ಸಂಶೋಧನೆಗೆ ಖಾಸಗಿ ದೇಣಿಗೆ

ಆರಂಭಿಕ ಹಂತದ ವೈದ್ಯಕೀಯ ಸಂಶೋಧನೆಗೆ ಖಾಸಗಿ ದೇಣಿಗೆ ಎಂದರೆ, ಔಷಧ ಅಥವಾ ಚಿಕಿತ್ಸೆಯಾಗಿ ಇನ್ನೂ ರೂಪುಗೊಳ್ಳದ ವೈಜ್ಞಾನಿಕ ಊಹೆಯೊಂದನ್ನು ಪರೀಕ್ಷಿಸಲು ವ್ಯಕ್ತಿಗಳು, ದತ್ತಿಸಂಸ್ಥೆಗಳು ಅಥವಾ ಕಂಪನಿಗಳು ಲಾಭಾಪೇಕ್ಷೆಯಿಲ್ಲದೆ ನೀಡುವ ಧನಸಹಾಯ. ಇಂತಹ ಹಂತದಲ್ಲಿ ವಿಫಲತೆಯ ಸಾಧ್ಯತೆ ಹೆಚ್ಚಿರುವುದರಿಂದ ಔಷಧ ಕಂಪನಿಗಳು ಹಣ ಹೂಡಲು ಹಿಂಜರಿಯುತ್ತವೆ. ಸರ್ಕಾರಿ ಅನುದಾನ ಸಮಿತಿಗಳು ಸಾಮಾನ್ಯವಾಗಿ ಪ್ರಾಥಮಿಕ ದತ್ತಾಂಶವನ್ನು ಅಪೇಕ್ಷಿಸುತ್ತವೆ. ಈ ಅಂತರವನ್ನು ತುಂಬುವುದು ಖಾಸಗಿ ದೇಣಿಗೆಯ ಮುಖ್ಯ ಪಾತ್ರವಾಗಿದೆ. ಮಧ್ಯಮ ಗಾತ್ರದ ದೇಣಿಗೆಗೆ ನಿಗದಿತ ಮಿತಿಯಿಲ್ಲ. ಒಬ್ಬಿಬ್ಬರು ಸಂಶೋಧಕರ ವೇತನ, ಪ್ರಯೋಗ ಸಾಮಗ್ರಿ ಮತ್ತು ಒಂದೆರಡು ವರ್ಷಗಳ ಪ್ರಾಥಮಿಕ ಅಧ್ಯಯನದ ವೆಚ್ಚವನ್ನು ಭರಿಸುವಷ್ಟು ಮೊತ್ತವನ್ನು ಹೀಗೆ ಪರಿಗಣಿಸಬಹುದು.

ಕರ್ನಾಟಕದಲ್ಲಿ

1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಜೆ. ಎನ್. ಟಾಟಾ ಅವರ ದತ್ತಿ ಹಾಗೂ ಮೈಸೂರು ಸಂಸ್ಥಾನ ನೀಡಿದ ಭೂಮಿಯಿಂದ ರೂಪುಗೊಂಡಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯ ವೈರಾಣುವನ್ನು ಗುರುತಿಸಿದ ಪುಣೆಯ ವೈರಾಣು ಸಂಶೋಧನಾ ಕೇಂದ್ರವು, 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಯೋಗದಲ್ಲಿ ಆರಂಭವಾಗಿತ್ತು.

ಇತ್ತೀಚಿನ ಉದಾಹರಣೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಪ್ರಮುಖವಾದುದು. ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ 2014ರಲ್ಲಿ ಇದಕ್ಕೆ ಹತ್ತು ವರ್ಷಗಳ ಅವಧಿಗೆ 225 ಕೋಟಿ ರೂಪಾಯಿಗಳನ್ನು ಘೋಷಿಸಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೇಲ್ಪಟ್ಟ 10,000 ಗ್ರಾಮೀಣರ ಮೆದುಳಿನ ಆರೋಗ್ಯವನ್ನು ದೀರ್ಘಕಾಲ ಅಭ್ಯಸಿಸುವ ಯೋಜನೆಯನ್ನು ಈ ಕೇಂದ್ರ ಕೈಗೊಂಡಿತು. ಮುಂದೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಜೀನೋಮ್ ಇಂಡಿಯಾ ಯೋಜನೆಯ ಸಮನ್ವಯವನ್ನೂ ಇದೇ ಕೇಂದ್ರ ವಹಿಸಿಕೊಂಡಿತು. 2023ರಲ್ಲಿ ರೋಹಿಣಿ ನಿಲೇಕಣಿ ಅವರು ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳ ಜಂಟಿ ಮಾನಸಿಕ ಆರೋಗ್ಯ ಸಂಶೋಧನೆಗೆ 100 ಕೋಟಿ ರೂಪಾಯಿ ಘೋಷಿಸಿದರು. ಇವೆಲ್ಲ ಬೃಹತ್ ದೇಣಿಗೆಗಳಾಗಿದ್ದು, ಬೆಂಗಳೂರಿನ ಸಂಸ್ಥೆಗಳಿಗೆ ಸಂದಿವೆ.

ಬಳ್ಳಾರಿ ಜಿಲ್ಲೆಯ ಸಂದರ್ಭ

ಬಳ್ಳಾರಿ ನಗರದಲ್ಲಿ 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಬಹುಕಾಲ 'ವಿಮ್ಸ್' ಎಂಬ ಹೆಸರಿನಿಂದ ಪರಿಚಿತವಾಗಿತ್ತು. ಮಧ್ಯಮ ಗಾತ್ರದ ದೇಣಿಗೆಯಿಂದ ಇಂತಹ ಜಿಲ್ಲೆಯಲ್ಲಿ ಕೈಗೊಳ್ಳಬಹುದಾದ ಸಂಶೋಧನೆಗೆ ಹಾವು ಕಡಿತ ಒಂದು ಉದಾಹರಣೆ. ತುಂಗಭದ್ರಾ ನೀರಾವರಿಯ ಭತ್ತದ ಗದ್ದೆಗಳಿರುವ ಸಿರುಗುಪ್ಪ ಹಾಗೂ ನೆರೆಯ ಕುರುಗೋಡು ತಾಲ್ಲೂಕುಗಳಲ್ಲಿ ಹೊಲಗೆಲಸ ಮಾಡುವವರು ಈ ಅಪಾಯವನ್ನು ಎದುರಿಸುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಭಾರತದಲ್ಲಿ ಬಳಕೆಯಲ್ಲಿರುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸಲಾಗುತ್ತದೆ. ಈ ವಿಷದ ಬಹುಪಾಲು ತಮಿಳುನಾಡಿನಲ್ಲಿ ಸಂಗ್ರಹವಾದುದು. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಆದುದರಿಂದ ಲಭ್ಯ ಪ್ರತಿವಿಷವು ಸ್ಥಳೀಯ ಹಾವುಗಳ ವಿಷಕ್ಕೆ ಎಷ್ಟು ಪರಿಣಾಮಕಾರಿ ಎಂಬುದು ಸೀಮಿತ ವೆಚ್ಚದಲ್ಲಿ ಉತ್ತರಿಸಬಹುದಾದ ಆರಂಭಿಕ ಪ್ರಶ್ನೆಯಾಗಿದೆ. ವಿಷ ಸಂಗ್ರಹಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅನುಮತಿ ಅಗತ್ಯ.

ಕಾನೂನು

2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ತಾವು ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ನೀಡಬೇಕು. 2019ರಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳಲ್ಲಿನ ವೈದ್ಯಕೀಯ ಸಂಶೋಧನೆಯನ್ನೂ ಅರ್ಹ ಚಟುವಟಿಕೆಗಳ ಪಟ್ಟಿಗೆ ಸೇರಿಸಲಾಯಿತು. ಗಣಿಗಾರಿಕೆ ಮತ್ತು ಉಕ್ಕಿನ ಉದ್ಯಮಗಳಿರುವ ಬಳ್ಳಾರಿ ಜಿಲ್ಲೆಗೆ ಈ ಅವಕಾಶ ಪ್ರಸ್ತುತವಾಗಿದೆ.

ಉತ್ತರದಾಯಿತ್ವ

ದೇಣಿಗೆಯ ಸದ್ಬಳಕೆಗಾಗಿ ಸಾಮಾನ್ಯವಾಗಿ ಅನುಸರಿಸುವ ಕ್ರಮಗಳು ಹೀಗಿವೆ:

• ದಾನಿಯೊಂದಿಗೆ ಸಂಬಂಧವಿಲ್ಲದ ವಿಷಯತಜ್ಞರಿಂದ ಪ್ರಸ್ತಾವನೆಯ ಪರಿಶೀಲನೆ.
• ಮಾನವರನ್ನು ಒಳಗೊಂಡ ಅಧ್ಯಯನಕ್ಕೆ ನೈತಿಕ ಸಮಿತಿಯ ಪೂರ್ವಾನುಮತಿ.
• ಒಮ್ಮೆಲೇ ನೀಡದೆ, ಪ್ರಗತಿಯನ್ನು ಆಧರಿಸಿ ಕಂತುಗಳಲ್ಲಿ ಹಣ ಬಿಡುಗಡೆ.
• ಲೆಕ್ಕಪರಿಶೋಧನೆಗೊಳಪಟ್ಟ ಹಣಬಳಕೆ ಪ್ರಮಾಣಪತ್ರ.
• ಊಹೆ ಸುಳ್ಳೆಂದು ಕಂಡುಬಂದರೂ ಫಲಿತಾಂಶದ ಪ್ರಕಟಣೆ.

ಚಿಕಿತ್ಸೆಯ ಪ್ರಯೋಗಗಳನ್ನು 2007ರಲ್ಲಿ ಆರಂಭವಾದ ಭಾರತೀಯ ಕ್ಲಿನಿಕಲ್ ಪ್ರಯೋಗ ನೋಂದಣಿಯಲ್ಲಿ ದಾಖಲಿಸಲಾಗುತ್ತದೆ.

ಮಿತಿಗಳು

ಖಾಸಗಿ ದೇಣಿಗೆಯು ದಾನಿಯ ಆಸಕ್ತಿಯನ್ನು ಅನುಸರಿಸುವುದರಿಂದ ಬಡವರ ಕಾಯಿಲೆಗಳು ಕಡೆಗಣಿಸಲ್ಪಡಬಹುದು. ದಾನಿಯ ವ್ಯವಹಾರಕ್ಕೆ ಸಂಬಂಧಿಸಿದ ವಿಷಯಗಳಲ್ಲಿ, ಉದಾಹರಣೆಗೆ ಗಣಿ ಧೂಳಿನಿಂದ ಉಂಟಾಗುವ ಶ್ವಾಸಕೋಶದ ತೊಂದರೆಗಳ ಅಧ್ಯಯನದಲ್ಲಿ, ಹಿತಾಸಕ್ತಿ ಸಂಘರ್ಷ ಉಂಟಾಗಬಹುದು. ದೇಣಿಗೆ ಮುಗಿದ ನಂತರ ಸಾರ್ವಜನಿಕ ಅನುದಾನ ದೊರೆಯದಿದ್ದಲ್ಲಿ ಅಧ್ಯಯನ ಅರ್ಧಕ್ಕೆ ನಿಲ್ಲುವ ಸಂಭವವೂ ಇದೆ. ಈ ಕಾರಣಗಳಿಂದ ಖಾಸಗಿ ದೇಣಿಗೆಯನ್ನು ಸರ್ಕಾರಿ ಅನುದಾನಕ್ಕೆ ಪೂರಕವೆಂದು ಪರಿಗಣಿಸಲಾಗುತ್ತದೆಯೇ ಹೊರತು ಪರ್ಯಾಯವೆಂದಲ್ಲ.